ಮಾಳಿಗೆ ಮೇಲಿನ ಗ್ರೀನ್‌ಹೌಸ್ ಕಿಟ್, ತಡವಾಗಿ ಹಾಕಿದ ಟೊಮೆಟೊ ಬೀಜ: ಕಲಬುರಗಿಯಲ್ಲಿ ಆರು ತಿಂಗಳು ಬಳಸಿದ ಮೇಲೆ

ಆನ್‌ಲೈನ್‌ನಲ್ಲಿ ಸಿಗುವ ಗ್ರೀನ್‌ಹೌಸ್ ಕಿಟ್ ನಮ್ಮ ಕಲಬುರಗಿ ಬಿಸಿಲಿಗೆ ಆಗುತ್ತಾ ಅಂತ ಪರಿಚಯದವರು ನಾಲ್ಕೈದು ಜನ ಕೇಳಿದರು. ಎಲ್ಲರಿಗೂ ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮೊದಲು ಉತ್ತರ ಹೇಳಿಬಿಡುತ್ತೇನೆ. ಪೈಪಿನ ಚೌಕಟ್ಟು ಬೇಕಿದ್ದರೆ ಕೊಳ್ಳಿ. ಅದರ ಮೇಲೆ ಬರುವ ಪ್ಲಾಸ್ಟಿಕ್ ಹೊದಿಕೆಗೋಸ್ಕರ ಕೊಳ್ಳಬೇಡಿ. ಫೆಬ್ರವರಿ ಮುಗಿದ ಮೇಲೆ ಆ ಹೊದಿಕೆ ನಮ್ಮ ಊರಲ್ಲಿ ಟೊಮೆಟೊ ಗಿಡಕ್ಕೆ ಶತ್ರು.

ನಮ್ಮ ಮನೆ ಸೇಡಂ ರಸ್ತೆ ಕಡೆ. ಕೆಳಗೆ ಗಿಡ ಹಾಕುವಷ್ಟು ಜಾಗ ಇಲ್ಲ, ಇರೋದೆಲ್ಲ ಮಾಳಿಗೆ ಮೇಲೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ಆಗಿನಿಂದ ಮನೆಯಲ್ಲೇ ಬೆಳೆಯಬೇಕು ಅಂತ ಹಟ ಹಿಡಿದಿದ್ದೆ. ಮೊದಲ ವರ್ಷ ನರ್ಸರಿಯಿಂದ ಅಗಿ (ಸಸಿ) ತಂದು ಬಕೆಟ್‌ನಲ್ಲಿ ನೆಟ್ಟೆ. ಎಲೆ ಎಲ್ಲ ಮುಟುರಿಕೊಂಡು ಹೋಯಿತು, ಹತ್ತು ಗಿಡದಿಂದ ಒಂದು ಬುಟ್ಟಿ ಕಾಯಿ ಕೂಡ ಬರಲಿಲ್ಲ. ಯಾವ ತಳಿ ಅಂತ ನರ್ಸರಿಯವರಿಗೂ ಗೊತ್ತಿರಲಿಲ್ಲ. ಅದಕ್ಕೆ ಈ ಸಲ ಬೀಜದಿಂದಲೇ ಶುರು ಮಾಡೋಣ, ತಳಿ ಯಾವುದು ಅಂತ ನಮಗೆ ಗೊತ್ತಿರಲಿ ಅಂತ ತೀರ್ಮಾನ ಮಾಡಿದೆ.

ಬೀಜ ಹಾಕಬೇಕಿದ್ದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಮನೆಯಲ್ಲಿ ಮದುವೆ ಇತ್ತು, ಬಟ್ಟೆ, ಪತ್ರಿಕೆ, ನೆಂಟರು ಅಂತ ಮೂರು ತಿಂಗಳು ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಕಿಟ್ ಜನವರಿ ಎರಡನೇ ವಾರ ಬಂತು, ಬೀಜ ಟ್ರೇಗೆ ಬಿದ್ದಿದ್ದು ಜನವರಿ 27ಕ್ಕೆ. ತಡ ಆಯ್ತು ಅಂತ ಗೊತ್ತಿತ್ತು. ಗ್ರೀನ್‌ಹೌಸ್ ಇದೆಯಲ್ಲ, ಅದು ತಡವಾದದ್ದನ್ನು ಸರಿ ಮಾಡುತ್ತೆ ಅಂದುಕೊಂಡೆ. ತಪ್ಪಾಗಿದ್ದು ಅಲ್ಲೇ. ಚಳಿ ದೇಶದಲ್ಲಿ ಸೀಸನ್ ಮುಗಿಯುವ ಹೊತ್ತಿಗೆ ಗಿಡಕ್ಕೆ ಬೆಚ್ಚಗೆ ಬೇಕು, ಅವರಿಗೆ ಗ್ರೀನ್‌ಹೌಸ್ ಇನ್ನೊಂದು ತಿಂಗಳು ಕೊಡುತ್ತೆ. ನಮಗೆ ಸೀಸನ್ ಮುಗಿಸೋದೇ ಬಿಸಿಲು. ಬಿಸಿಲಿನಿಂದ ಸಾಯುವ ಗಿಡಕ್ಕೆ ಇನ್ನಷ್ಟು ಬಿಸಿ ಕೊಡುವ ಮನೆ ಕಟ್ಟಿದರೆ ಏನಾಗುತ್ತೆ ಅಂತ ನಾನು ಮಾರ್ಚ್‌ನಲ್ಲಿ ನೋಡಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಿಟ್‌ಗೆ ಕೊಟ್ಟಿದ್ದು 6,500 ರೂಪಾಯಿ. ಎಂಟು ಅಡಿ ಉದ್ದ, ಆರು ಅಡಿ ಅಗಲ, ನಡುವೆ ನಿಂತರೆ ತಲೆಗೆ ತಾಗಲ್ಲ. ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಪೈಪು, ಪ್ಲಾಸ್ಟಿಕ್ ಮೂಲೆಗಳು, ಒಳಗೆ ಹಸಿರು ದಾರದ ಜಾಲ ಇರುವ ತೆಳು ಪ್ಲಾಸ್ಟಿಕ್ ಹೊದಿಕೆ, ಮುಂದೆ ಜಿಪ್ ಹಾಕಿ ಮುಚ್ಚುವ ಬಾಗಿಲು, ಎರಡು ಸಣ್ಣ ಕಿಟಕಿ. ಪೆಟ್ಟಿಗೆ ಬಿಚ್ಚಿದಾಗ ಎರಡು ಮೂಲೆ ಕಡಿಮೆ ಇದ್ದವು. ಮಾರಿದವರಿಗೆ ಫೋಟೋ ಕಳಿಸಿದೆ, ಮೂರು ವಾರ ಆದ ಮೇಲೆ ಒಂದು ಮೂಲೆ ಬಂತು, ಇನ್ನೊಂದು ಇವತ್ತಿನವರೆಗೂ ಬಂದಿಲ್ಲ. ಸೂಪರ್ ಮಾರ್ಕೆಟ್ ಹತ್ತಿರ ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲಿ ಅದೇ ಅಳತೆಯ ಪಿವಿಸಿ ಟೀ (ಮೂರು ಪೈಪು ಸೇರಿಸುವ ಜೋಡಣೆ) ಸಿಕ್ಕಿತು, ಸ್ವಲ್ಪ ಕಾಯಿಸಿ ಕೂರಿಸಿದೆವು, ಗಟ್ಟಿಯಾಗಿ ನಿಂತಿದೆ. ಜೋಡಿಸೋಕೆ ಇಬ್ಬರು ಬೇಕು, ಎರಡು ತಾಸು ಹಿಡಿಯುತ್ತೆ. ಒಬ್ಬರೇ ಮಾಡೋಕೆ ಹೋಗಬೇಡಿ, ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಕಳಚುತ್ತೆ.

ಚೌಕಟ್ಟು ತುಂಬಾ ಹಗುರ. ನೆಲಕ್ಕೆ ಹೊಡೆಯೋಕೆ ಗೂಟ ಕೊಟ್ಟಿದ್ದಾರೆ, ಆದರೆ ಮಾಳಿಗೆಗೆ ಗೂಟ ಹೊಡೆಯೋಕೆ ಆಗುತ್ತಾ? ಮನೆ ಕಟ್ಟುವಾಗ ಉಳಿದ ಶಹಾಬಾದ್ ಫರ್ಸಿ (ನೆಲಕ್ಕೆ ಹಾಕುವ ಚಪ್ಪಡಿ ಕಲ್ಲು) ತುಂಡುಗಳಿದ್ದವು. ಪ್ರತಿ ಕಾಲಿಗೆ ಎರಡೆರಡು ಫರ್ಸಿ ಇಟ್ಟು, ಅವುಗಳ ಮೇಲೆ ಹಾದುಹೋಗುವ ಹಾಗೆ ತಂತಿ ಕಟ್ಟಿ ಪೈಪಿಗೆ ಬಿಗಿದೆವು. ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಧೂಳೆಬ್ಬಿಸಿಕೊಂಡು ಬಂದ ಗಾಳಿಗೆ ಪಕ್ಕದ ಮನೆಯ ತಗಡು ಹಾರಿ ರಸ್ತೆಗೆ ಬಿತ್ತು. ನಮ್ಮ ಚೌಕಟ್ಟು ಅಲ್ಲಾಡಿತು, ಏಳಲಿಲ್ಲ. ಫರ್ಸಿ ಇಲ್ಲದವರು ಮರಳಿನ ಚೀಲ ಇಟ್ಟುಕೊಳ್ಳಿ. ಏನೂ ಕಟ್ಟದೆ ಸುಮ್ನೆ ನಿಲ್ಲಿಸಿದರೆ ಮುಂಗಾರಿಗೆ ಮುಂಚಿನ ಒಂದೇ ಗಾಳಿಗೆ ಅದು ಯಾರ ಮನೆ ಮೇಲೆ ಹೋಗಿ ಬೀಳುತ್ತೋ ಹೇಳೋಕಾಗಲ್ಲ.

ಇನ್ನು ಬೀಜ. ಬೆಂಗಳೂರು ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಅವರ ಬೀಜ ಆನ್‌ಲೈನ್‌ನಲ್ಲೇ ಸಿಗುತ್ತೆ, ಮನೆಗೇ ಬಂತು. ಇದು ಹೈಬ್ರಿಡ್ ತಳಿ. ಎಲೆ ಮುಟುರು ನಂಜು (ವೈರಸ್) ರೋಗ, ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ, ಎಲೆಗೆ ಕಂದು ಚುಕ್ಕೆ ಬೀಳುವ ಮೊದಲ ಅಂಗಮಾರಿ, ಈ ಮೂರನ್ನೂ ತಡೆಯುತ್ತೆ ಅನ್ನೋದೇ ಇದರ ಹೆಸರುವಾಸಿ. ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ತೆಗೆದು ಮುಂದಿನ ವರ್ಷ ಹಾಕಿದರೆ ಅದೇ ಗುಣ ಬರುತ್ತೆ ಅಂತ ನಂಬಬೇಡಿ, ಪ್ರತಿ ಸಲ ಹೊಸ ಬೀಜವೇ ತರಬೇಕು. ಬೀಜ ಉಳಿಸಿಕೊಳ್ಳಬೇಕು ಅನ್ನುವವರಿಗೆ ಅದೇ ಸಂಸ್ಥೆಯ ಅರ್ಕಾ ವಿಕಾಸ್ ಇದೆ, ಅದು ಹೈಬ್ರಿಡ್ ಅಲ್ಲ, ನೀರು ಕಡಿಮೆ ಬಿದ್ದರೂ ತಡೆದುಕೊಳ್ಳುವ ತಳಿ.

98 ಗುಂಡಿಯ ಪ್ರೋಟ್ರೇ (ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ) ಅರ್ಧ ಕತ್ತರಿಸಿ 49 ಗುಂಡಿಗೆ ಒಂದೊಂದು ಬೀಜ ಹಾಕಿದೆ. ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಎರಡು ಸಲ ನೀರಲ್ಲಿ ತೊಳೆದು ಹಿಂಡಿದ್ದು, ಅದಕ್ಕೆ ಸ್ವಲ್ಪ ಎರೆಗೊಬ್ಬರ. ತೊಳೆಯೋದು ಬಿಡಬೇಡಿ, ಕೆಲವು ಕೋಕೋಪಿಟ್‌ನಲ್ಲಿ ಉಪ್ಪು ಜಾಸ್ತಿ ಇರುತ್ತೆ, ಮೊಳಕೆ ಸುಟ್ಟುಹೋಗುತ್ತೆ. ನಮ್ಮ ಬೋರ್ ನೀರು ಸವಳು. ಆ ನೀರು ಹಾಕಿದರೆ ಟ್ರೇ ಅಂಚಲ್ಲೆಲ್ಲ ಬಿಳಿ ಪುಡಿ ಕೂರುತ್ತೆ. ಅದಕ್ಕೆ ಸಸಿ ಇರುವಷ್ಟು ದಿನ ನಳದ ನೀರನ್ನೇ ಹಿಡಿದಿಟ್ಟು ಹಾಕಿದೆ. ಬೀಜದ ಮೇಲೆ ಅರ್ಧ ಸೆಂಟಿಮೀಟರ್ ಕೋಕೋಪಿಟ್ ಸಾಕು, ಅದಕ್ಕಿಂತ ಆಳಕ್ಕೆ ಹಾಕಿದರೆ ಮೇಲೆ ಬರೋಕೆ ಕಷ್ಟಪಡುತ್ತೆ.

ಕಿಟ್ ಕೆಲಸ ಮಾಡಿದ ಕಾಲ ಅಂದರೆ ಇದೇ. ಜನವರಿ ಕೊನೆಯಲ್ಲಿ ಇಲ್ಲಿ ರಾತ್ರಿ ಇನ್ನೂ ತಣ್ಣಗಿರುತ್ತೆ. ಟೊಮೆಟೊ ಬೀಜಕ್ಕೆ 20ರಿಂದ 30 ಡಿಗ್ರಿ ಇದ್ದರೆ ಖುಷಿ. ಒಳಗಿಟ್ಟ ಟ್ರೇಯಲ್ಲಿ ಐದನೇ ದಿನ ಬೆಳಿಗ್ಗೆ ಕೊಕ್ಕೆ ಹಾಗೆ ಬಗ್ಗಿದ ಬಿಳಿ ಕಾಂಡಗಳು ಕಾಣಿಸಿದವು. ಕೆಲವಕ್ಕೆ ಬೀಜದ ಸಿಪ್ಪೆ ಟೋಪಿ ಹಾಗೆ ಎಲೆ ತುದಿಗೆ ಅಂಟಿಕೊಂಡಿತ್ತು, ಬೆರಳಿಗೆ ನೀರು ಹಚ್ಚಿ ಒದ್ದೆ ಮಾಡಿ ಬಿಟ್ಟೆ, ಮಧ್ಯಾಹ್ನದ ಹೊತ್ತಿಗೆ ತಾನೇ ಬಿದ್ದುಹೋಯಿತು. ಪರೀಕ್ಷೆಗೆ ಅಂತ ಹೊರಗಿಟ್ಟ ಹತ್ತು ಬೀಜ ಎದ್ದಿದ್ದು ಎಂಟನೇ ದಿನ. 49ರಲ್ಲಿ 44 ಬಂದವು. ಬೀಜಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಮೂರು ದಿನ ಬೇಗ ಮೊಳಕೆ ಬರೋದಕ್ಕೆ ಪ್ಲಾಸ್ಟಿಕ್ ಮನೆಯೇ ಬೇಕು ಅಂತಿಲ್ಲ. ಟ್ರೇ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಡುಗೆಮನೆ ಮೂಲೆಯಲ್ಲಿ ಇಟ್ಟರೂ ಅಷ್ಟೇ ಬೇಗ ಬರುತ್ತೆ. ಮೊಳಕೆ ಕಂಡ ತಕ್ಷಣ ಬೆಳಕಿಗೆ ತರಬೇಕು ಅಷ್ಟೆ. ಒಂದು ದಿನ ತಡ ಮಾಡಿದರೂ ಕಾಂಡ ದಾರದ ಹಾಗೆ ಉದ್ದ ಆಗುತ್ತೆ.

ಹತ್ತನೇ ದಿನಕ್ಕೆ ಮೊದಲ ತೊಂದರೆ. ಬಾಗಿಲು ಮುಚ್ಚಿದ್ದರಿಂದ ಒಳಗೆ ಬೆಳಿಗ್ಗೆ ಹೊತ್ತು ಹನಿ ಕಟ್ಟುತ್ತಿತ್ತು, ಮೇಲಿಂದ ಟಪ್ ಟಪ್ ಅಂತ ಸಸಿ ಮೇಲೆ ಬೀಳುತ್ತಿತ್ತು. ಒಂದು ಮೂಲೆಯ ನಾಲ್ಕು ಸಸಿಗಳ ಬುಡ ನೀರಲ್ಲಿ ನೆಂದ ಹಾಗೆ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಟ್ಟವು. ಸಸಿ ಸಾಯುವ ರೋಗ ಅಂತಾರಲ್ಲ, ಅದೇ. ಗಾಳಿ ಇಲ್ಲದೆ ತೇವ ಜಾಸ್ತಿ ಆದರೆ ಬರುವ ಶಿಲೀಂಧ್ರ ಅದು. ನಮ್ಮ ಅತ್ತೆ ಮೇಲೆ ಬಂದು ನೋಡಿದವರೇ, "ಗಾಳಿ ಆಡದ ಜಾಗದಾಗ ಗಿಡ ಹೆಂಗ ಬದುಕ್ತಾವ ತಂಗಿ, ಬಾಗಲಾ ತಗಿ ಮೊದಲ" ಅಂದರು. ಅವತ್ತಿನಿಂದ ಬೆಳಿಗ್ಗೆ ಎಂಟಕ್ಕೆ ಜಿಪ್ ತೆಗೆಯೋದು, ಸಂಜೆ ಆರಕ್ಕೆ ಹಾಕೋದು. ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ (ಇದೂ ಒಂದು ಶಿಲೀಂಧ್ರ, ಒಳ್ಳೆಯದು) ಪುಡಿ ನೀರಲ್ಲಿ ಕಲಸಿ ಒಂದು ಸಲ ಹಾಕಿದೆ. ಆಮೇಲೆ ಒಂದೂ ಸಾಯಲಿಲ್ಲ.

ದಿನಕ್ಕೆ ಎರಡು ಸಲ ತೆಗೆದು ಹಾಕಿದ್ದಕ್ಕೇ ಒಂದೂವರೆ ತಿಂಗಳಲ್ಲಿ ಜಿಪ್ ಹಲ್ಲು ಬಿಟ್ಟಿತು. ಬಾಗಿಲೇ ಮುಖ್ಯ ಆಗಿರುವ ಸಾಮಾನಿಗೆ ಹೀಗೆ ಚೀಲದ ಜಿಪ್ ಹೊಲಿದು ಕಳಿಸಬಾರದು. ಬಟ್ಟೆ ಒಣ ಹಾಕುವ ಕ್ಲಿಪ್ ಹಾಕಿ ಕೆಲಸ ಸಾಗಿಸಿದೆ.

ಫೆಬ್ರವರಿ 24ಕ್ಕೆ, ಅಂದರೆ 28ನೇ ದಿನಕ್ಕೆ, ಹತ್ತು ಸಸಿಗಳನ್ನು ದೊಡ್ಡ ಗ್ರೋಬ್ಯಾಗ್‌ಗೆ (ಗಿಡ ಬೆಳೆಸುವ ಚೀಲ) ಹಾಕಿ ಒಳಗೇ ಎರಡು ಸಾಲು ಮಾಡಿದೆ. ಅದಕ್ಕಿಂತ ಜಾಸ್ತಿ ತುರುಕಿದರೆ ಗಿಡದ ನಡುವೆ ಕೈ ಹಾಕೋಕೂ ಜಾಗ ಇರಲ್ಲ. ನೆಡುವಾಗ ಕೆಳಗಿನ ಎಲೆ ಕಿತ್ತು ಕಾಂಡವನ್ನು ಅರ್ಧದವರೆಗೆ ಮಣ್ಣಲ್ಲಿ ಹೂತೆ. ಟೊಮೆಟೊಗೆ ಇದೊಂದು ದೊಡ್ಡ ಗುಣ, ಮಣ್ಣು ತಾಗಿದ ಕಾಂಡದಿಂದಲೂ ಬೇರು ಬಿಡುತ್ತೆ. ಚೀಲಕ್ಕೆ ನಮ್ಮ ಎರೆ ಮಣ್ಣನ್ನೇ (ಕಪ್ಪು ಮಣ್ಣು) ತುಂಬಬೇಡಿ. ಹೊಲದಲ್ಲಿ ತೊಗರಿಗೆ ಅದು ಬಂಗಾರ, ಚೀಲದಲ್ಲಿ ಒಣಗಿದರೆ ಇಟ್ಟಿಗೆ ಹಾಗೆ ಬಿರಿದು ಬೇರು ಹರಿಯುತ್ತೆ, ನೀರು ಹಾಕಿದರೆ ಅಂಚಿನಿಂದ ಇಳಿದು ಹೋಗುತ್ತೆ. ಒಂದು ಪಾಲು ಎರೆ ಮಣ್ಣು, ಒಂದು ಪಾಲು ಕೋಕೋಪಿಟ್, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಇಷ್ಟಕ್ಕೆ ಗಿಡ ಚೆನ್ನಾಗಿ ಎದ್ದವು. ಇನ್ನು ನಾಲ್ಕು ಸಸಿ ಹೊರಗೆ, ಮಾಳಿಗೆಯ ಬಯಲಲ್ಲೇ ನೆಟ್ಟೆ. ಉಳಿದವು ಓಣಿಯವರಿಗೆ ಹಂಚಿದೆ.

ಈಗ ಮಾರ್ಚ್. ಶರಣಬಸವೇಶ್ವರ ಜಾತ್ರೆಯ ತೇರಿನ ದಿನ ಮನೆ ತುಂಬಾ ನೆಂಟರು. ಹಿಂದಿನ ರಾತ್ರಿ ಗಾಳಿ ಇತ್ತು ಅಂತ ಕ್ಲಿಪ್ ಹಾಕಿ ಬಾಗಿಲು ಮುಚ್ಚಿದ್ದೆ, ಬೆಳಿಗ್ಗೆ ಹೋಳಿಗೆ ಕೆಲಸದಲ್ಲಿ ತೆಗೆಯೋದು ಮರೆತುಹೋಯಿತು. ತೇರು ನೋಡೋಕೆ ಹೊರಡುವ ಮುಂಚೆ, ಮೂರು ಗಂಟೆಗೆ, ಮೇಲೆ ಹೋದೆ. ಬಾಗಿಲು ತೆಗೆದಾಗ ಮುಖಕ್ಕೆ ಬಡಿದ ಬಿಸಿ ಇನ್ನೂ ನೆನಪಿದೆ. ಒಳಗೆ ನೇತು ಹಾಕಿದ ಥರ್ಮಾಮೀಟರ್ 48 ತೋರಿಸುತ್ತಿತ್ತು, ಹೊರಗೆ ನೆರಳಲ್ಲಿ 37. ಹತ್ತೂ ಗಿಡಗಳ ತಲೆ ಕೆಳಗೆ ಬಿದ್ದಿತ್ತು. ಎಲೆ ಮುಟ್ಟಿದರೆ ಕಾವಲಿ ಪಕ್ಕದಲ್ಲಿ ಬಿಟ್ಟ ಕೊತ್ತಂಬರಿ ಹಾಗೆ ಮೆತ್ತಗೆ, ಬಿಸಿ. ಮೊದಲ ಮೊಗ್ಗುಗಳು ಅಂಚಲ್ಲಿ ಕಪ್ಪಾಗಿದ್ದವು. ಅಳು ಬಂತು, ನಿಜ ಹೇಳುತ್ತೇನೆ. ತೇರಿಗೆ ಹೋಗಲಿಲ್ಲ. ಗೋಣಿಚೀಲ ಒದ್ದೆ ಮಾಡಿ ಸುತ್ತ ಹಾಕಿ, ಬುಡಕ್ಕೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಕೂತೆ. ರಾತ್ರಿ ಹೊತ್ತಿಗೆ ಎಂಟು ಗಿಡ ತಲೆ ಎತ್ತಿದವು. ಎರಡು ಹೋದವು.

ಬಾಗಿಲು ತೆರೆದಿದ್ದ ದಿನಗಳಲ್ಲೂ ಒಳಗೆ ಹೊರಗಿಗಿಂತ ಐದಾರು ಡಿಗ್ರಿ ಜಾಸ್ತಿಯೇ ಇರುತ್ತಿತ್ತು. ಎರಡು ಸಣ್ಣ ಕಿಟಕಿ ಬದಿಯಲ್ಲಿವೆ, ಬಿಸಿ ಗಾಳಿ ಹೋಗೋದು ಮೇಲಕ್ಕೆ. ಮೇಲೆ ತೆರೆಯುವ ಜಾಗವೇ ಇಲ್ಲ. ಈ ಕಿಟ್‌ನ ದೊಡ್ಡ ತಪ್ಪು ಇದೇ. ರೈತರು ಹಾಕುವ ಪಾಲಿಹೌಸ್ ನೋಡಿ, ಚಾವಣಿಯ ತುದಿಯಲ್ಲಿ ಉದ್ದಕ್ಕೂ ಗಾಳಿ ಹೋಗೋಕೆ ಕಿಂಡಿ ಬಿಟ್ಟಿರುತ್ತಾರೆ. ಅವರ ಹಾಳೆಯೂ ಬೇರೆ, 200 ಮೈಕ್ರಾನ್ ದಪ್ಪ, ಬಿಸಿಲಿಗೆ ಬೇಗ ಹಾಳಾಗದ ಹಾಗೆ ಯುವಿ ತಡೆಯುವ ಅಂಶ ಸೇರಿಸಿರುತ್ತಾರೆ. ನಮ್ಮ ಕಿಟ್ ಹೊದಿಕೆ ಎರಡು ತಿಂಗಳಿಗೇ ಹಳದಿ ತಿರುಗಿ, ಮಡಚಿದ ಜಾಗದಲ್ಲಿ ಬಿರುಕು ಬಿಟ್ಟಿತು.

ಮಾರನೇ ದಿನವೇ ಪ್ಲಾಸ್ಟಿಕ್ ಕಿತ್ತು ಹಾಕಿದೆ. ಗಂಜ್ ಮಾರುಕಟ್ಟೆಗೆ ಹೋಗಿ, ಕೃಷಿ ಸಾಮಾನಿನ ಅಂಗಡಿಯಲ್ಲಿ ಚಾವಣಿಗೆ 50 ಪರ್ಸೆಂಟ್ (ಅರ್ಧ ಬಿಸಿಲು ತಡೆಯುವ) ಹಸಿರು ಶೇಡ್ ನೆಟ್, ಸುತ್ತ ಗೋಡೆಗೆ 40 ಮೆಶ್‌ನ ಬಿಳಿ ಕೀಟದ ಬಲೆ ತಂದೆ. ಎರಡೂ ಸೇರಿ 1,400 ರೂಪಾಯಿ ಆಯ್ತು. ಅಂಗಡಿಯವರು 75 ಪರ್ಸೆಂಟ್‌ನದು ತಗೊಳ್ಳಿ, ಇನ್ನೂ ತಂಪು ಅಂದರು. ಟೊಮೆಟೊಗೆ ಅದು ಬೇಡ, ಅಷ್ಟು ನೆರಳಿಗೆ ಗಿಡ ಸೊಪ್ಪು ಬಿಡುತ್ತೆ, ಹೂವು ಬಿಡಲ್ಲ. 35 ಸಿಕ್ಕಿದ್ದರೆ ಅದನ್ನೇ ತರುತ್ತಿದ್ದೆ. 40 ಮೆಶ್ ಅಂದರೆ ಒಂದು ಇಂಚಿಗೆ 40 ತೂತು. ಎಲೆ ಮುಟುರು ರೋಗ ಹರಡೋದು ಬಿಳಿ ನೊಣದಿಂದ, ಬಲೆ ಅದನ್ನು ತಡೆಯೋಕೆ. ಚೌಕಟ್ಟಿಗೆ ಬಲೆ ಹೊಲಿಯೋಕೆ ಗೋಣಿ ಸೂಜಿ, ನೈಲಾನ್ ದಾರ, ಒಂದು ಮಧ್ಯಾಹ್ನ. ಅಷ್ಟೇ. ಆ ದಿನದಿಂದ ಒಳಗೆ ಹೊರಗಿಗಿಂತ ಒಂದೆರಡು ಡಿಗ್ರಿ ಕಡಿಮೆ. ಬಿಸಿಲು ನೇರ ಬೀಳೋದು ನಿಂತಿದ್ದರಿಂದ ಚೀಲದ ಮಣ್ಣು ಮಧ್ಯಾಹ್ನವೂ ತೇವ ಇರುತ್ತಿತ್ತು.

ಇನ್ನು ಹೂವಿನ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು, ತಡವಾಗಿ ಬೀಜ ಹಾಕುವವರು ಸೋಲೋದು ಇಲ್ಲೇ.

ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದರಲ್ಲೇ ಇರುತ್ತೆ. ಗಂಡು ಭಾಗವಾದ ಕೇಸರಗಳು ಹಳದಿ ಕೊಳವೆ ಹಾಗೆ ಸೇರಿಕೊಂಡಿರುತ್ತವೆ, ಅದರೊಳಗೆ ಶಲಾಕೆ, ಅಂದರೆ ಹೆಣ್ಣು ಭಾಗದ ಸಣ್ಣ ಕಡ್ಡಿ. ಹೂವು ಅಲುಗಿದರೆ ಪರಾಗ ಒಳಗೇ ಉದುರಿ ಕಾಯಿ ಕಟ್ಟುತ್ತೆ. ಬಯಲಲ್ಲಿ ಗಾಳಿ ಅಲುಗಿಸುತ್ತೆ, ದುಂಬಿ ಬಂದು ಗುಂಯ್ ಅಂತ ನಡುಗಿಸುತ್ತೆ. ಬಲೆ ಒಳಗೆ ದುಂಬಿ ಬರಲ್ಲ, ಗಾಳಿಯೂ ಕಡಿಮೆ. ಅದಕ್ಕೆ ನಾನು ದಿನಾ ಬೆಳಿಗ್ಗೆ ಎಂಟೂವರೆಗೆ ಪ್ರತಿ ಗೊಂಚಲಿನ ಹಿಂದೆ ಬೆರಳಿನಿಂದ ನಾಲ್ಕೈದು ಸಲ ತಟ್ಟುತ್ತಿದ್ದೆ. ಪರಾಗ ಬೀಳುತ್ತಾ ಇಲ್ಲವಾ ನೋಡೋಕೆ ಹೂವಿನ ಕೆಳಗೆ ಮೊಬೈಲ್ ಹಿಡಿದೆ. ಮಾರ್ಚ್ ಕೊನೆಯ ವಾರ ತಟ್ಟಿದಾಗ ಕಪ್ಪು ಗಾಜಿನ ಮೇಲೆ ಅರಿಶಿಣ ಚಿಟಿಕೆ ಉದುರಿಸಿದ ಹಾಗೆ ಸಣ್ಣ ಹಳದಿ ಪುಡಿ. ಆ ಹೂಗಳು ಕಾಯಿ ಕಟ್ಟಿದವು, ಗೊಂಚಲಿಗೆ ನಾಲ್ಕು, ಐದು.

ಏಪ್ರಿಲ್ ಎರಡನೇ ವಾರ ಅದೇ ಗಿಡ, ಅದೇ ಹೊತ್ತು, ಅದೇ ಬೆರಳು. ಮೊಬೈಲ್ ಮೇಲೆ ಏನೂ ಬೀಳಲಿಲ್ಲ. ಹತ್ತಿರದಿಂದ ನೋಡಿದರೆ ಹಳದಿ ಕೊಳವೆಯ ತುದಿಯಿಂದ ಶಲಾಕೆ ಸೂಜಿ ಮೊನೆ ಹಾಗೆ ಹೊರಗೆ ಚಾಚಿಕೊಂಡಿತ್ತು. ಬಿಸಿ ಜಾಸ್ತಿ ಆದರೆ ಹಾಗಾಗುತ್ತೆ, ಪರಾಗವೂ ಬರಡಾಗುತ್ತೆ. ಮೂರನೇ ದಿನಕ್ಕೆ ಹೂವಿನ ತೊಟ್ಟಿನ ನಡುವೆ ಇರುವ ಸಣ್ಣ ಗಂಟು ಹಳದಿಯಾಯಿತು, ಮುಟ್ಟಿದರೆ ಅಲ್ಲಿಂದಲೇ ಕಳಚಿ ಕೈಗೆ ಬಂತು. ಆ ವಾರ ಬಿಟ್ಟ ಹೂಗಳು ಹೆಚ್ಚುಕಡಿಮೆ ಎಲ್ಲವೂ ಹೀಗೇ ಉದುರಿದವು. ಹಗಲು 35 ದಾಟಿ, ರಾತ್ರಿಯೂ 25ಕ್ಕಿಂತ ಕೆಳಗೆ ಇಳಿಯದೆ ಇದ್ದರೆ ಟೊಮೆಟೊ ಕಾಯಿ ಕಟ್ಟೋದು ಕಷ್ಟ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹಗಲು 40 ದಾಟುತ್ತೆ, ರಾತ್ರಿ ಮಾಳಿಗೆ ಮುಟ್ಟಿದರೆ ಹತ್ತು ಗಂಟೆಗೂ ಬೆಚ್ಚಗಿರುತ್ತೆ. ಶೇಡ್ ನೆಟ್ ಹಗಲಿನ ಬಿಸಿಲು ತಡೆಯುತ್ತೆ, ರಾತ್ರಿಯ ಸೆಕೆಗೆ ಅದು ಏನೂ ಮಾಡೋಕಾಗಲ್ಲ.

ಲೆಕ್ಕ ಹಿಂದಕ್ಕೆ ಹಾಕಿ ನೋಡಿ. ಬೀಜದಿಂದ ನಾಟಿಗೆ ನಾಲ್ಕು ವಾರ, ನಾಟಿಯಿಂದ ಹೂವಿಗೆ ಇನ್ನೊಂದು ನಾಲ್ಕು ವಾರ. ಹೂವು ಬಿಡೋದು ಮಾರ್ಚ್ ಮುಗಿಯುವುದರೊಳಗೆ ಆಗಬೇಕು. ಅಂದರೆ ಕಲಬುರಗಿಯಲ್ಲಿ ತಡ ಅಂದರೆ ತಡ, ಜನವರಿ ಮೊದಲ ವಾರ ಬೀಜ ಟ್ರೇಯಲ್ಲಿ ಇರಬೇಕು, ಆಗ ಮೂರು ನಾಲ್ಕು ಗೊಂಚಲು ಸಿಗುತ್ತೆ. ನನಗೆ ಜನವರಿ 27ಕ್ಕೆ ಹಾಕಿ ಎರಡು ಗೊಂಚಲು ಸಿಕ್ಕಿತು. ಫೆಬ್ರವರಿ ಮಧ್ಯಕ್ಕೆ ಹಾಕಿದರೆ ಎಂಥ ಗ್ರೀನ್‌ಹೌಸ್ ಕಿಟ್ ಇದ್ದರೂ ಮೇ ತಿಂಗಳು ಬರೀ ಸೊಪ್ಪಿಗೆ ನೀರು ಹಾಕಿದ ಹಾಗೆ. ಕಿಟ್ ಮಾರುವವರು "ವರ್ಷಪೂರ್ತಿ ಬೆಳೆಯಿರಿ" ಅಂತ ಹಾಕಿರುತ್ತಾರೆ. ದಯವಿಟ್ಟು ಅದನ್ನು ನಂಬಿ ದುಡ್ಡು ಹಾಕಬೇಡಿ.

ಹಣ್ಣು ಮೇ ಮೊದಲ ವಾರ ಬಂತು. ಮೊದಮೊದಲು ಗಿಡದಲ್ಲೇ ಕೆಂಪಾಗಲಿ ಅಂತ ಬಿಟ್ಟೆ, ಕಿತ್ತಳೆ ಬಣ್ಣಕ್ಕೆ ಬಂದು ನಿಂತುಬಿಟ್ಟಿತು, ತೊಟ್ಟಿನ ಸುತ್ತ ಹಳದಿ. ರೋಗ ಅಂತ ಹೆದರಿದೆ. ರೋಗ ಅಲ್ಲ, ಬಿಸಿ 30 ಡಿಗ್ರಿಗಿಂತ ತುಂಬಾ ಮೇಲೆ ಇದ್ದರೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಸರಿಯಾಗಿ ತಯಾರಾಗಲ್ಲ. ಆಮೇಲೆ ತುದಿಯಲ್ಲಿ ಸ್ವಲ್ಪ ಬಣ್ಣ ತಿರುಗಿದ ತಕ್ಷಣ ಕಿತ್ತು, ಕೆಳಗೆ ಕತ್ತಲೆ ಇರುವ ತಂಪು ಕೋಣೆಯಲ್ಲಿ ಬುಟ್ಟಿಗೆ ಹಾಕಿಟ್ಟೆ. ನಾಲ್ಕೈದು ದಿನಕ್ಕೆ ಚೆಂದ ಕೆಂಪಾದವು. ಫ್ರಿಜ್‌ನಲ್ಲಿ ಇಡಬೇಡಿ, ಅಲ್ಲಿ ಬಣ್ಣವೂ ಬರಲ್ಲ, ರುಚಿಯೂ ಹೋಗುತ್ತೆ.

ತೂಕ ಬಗ್ಗೆ ನೇರವಾಗಿ ಹೇಳುತ್ತೇನೆ. ಈ ತಳಿಯ ಹಣ್ಣು 90ರಿಂದ 100 ಗ್ರಾಂ ಅಂತ ಹೇಳುತ್ತಾರೆ, ನನಗೆ ಸಿಕ್ಕಿದ್ದು 60-70 ಗ್ರಾಂ. ಅದು ಬೀಜದ ತಪ್ಪು ಅಂತ ನಾನು ಹೇಳಲ್ಲ, ಆ ಬಿಸಿಲಲ್ಲಿ ಚೀಲದ ಗಿಡಕ್ಕೆ ಅಷ್ಟೇ ಆಗೋದು. ಎಂಟು ಗಿಡದಿಂದ ಐದು ಕಿಲೋ ಬಂತು. ಗಟ್ಟಿ ಹಣ್ಣು, ಸಿಪ್ಪೆ ದಪ್ಪ, ಹತ್ತು ದಿನ ಇಟ್ಟರೂ ಮೆತ್ತಗಾಗಲಿಲ್ಲ. ಸಾರಿಗೆ ನಾಟಿ ಹಣ್ಣಿನಷ್ಟು ಹುಳಿ ಇಲ್ಲ, ಆದರೆ ಕೆಂಡದ ಮೇಲೆ ಸುಟ್ಟು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾ ಹಾಕಿ ಕುಟ್ಟಿ ಜೋಳದ ರೊಟ್ಟಿ ಜೊತೆ ತಿಂದಾಗ ಮನೆಯವರೆಲ್ಲ ಮಾತಾಡದೆ ತಿಂದರು.

ಹತ್ತು ಹನ್ನೆರಡು ಕಾಯಿಗೆ ಕೆಳತುದಿ ಕಪ್ಪಾಗಿ ಕುಳಿ ಬಿತ್ತು. ಇದಕ್ಕೆ ಔಷಧಿ ಹೊಡೆಯಬೇಡಿ. ಒಂದು ದಿನ ಒಣಗಿಸಿ ಇನ್ನೊಂದು ದಿನ ತುಂಬಾ ನೀರು ಹಾಕಿದರೆ ಕಾಯಿಗೆ ಕ್ಯಾಲ್ಸಿಯಂ ತಲುಪಲ್ಲ, ಅದರಿಂದ ಹೀಗಾಗೋದು. ಊರಿಗೆ ಹೋಗಿದ್ದ ಎರಡು ದಿನ ನೀರು ತಪ್ಪಿತ್ತು, ಅದರ ಫಲ ಅದು. ಬೆಳಿಗ್ಗೆ ಸಂಜೆ ಎರಡು ಹೊತ್ತು ಸ್ವಲ್ಪ ಸ್ವಲ್ಪ ಹಾಕಿ, ಮೇಲೆ ತೊಗರಿ ಹೊಟ್ಟು ಹರಡಿದ ಮೇಲೆ ಮತ್ತೆ ಕಾಣಿಸಲಿಲ್ಲ.

ಹೊರಗೆ ಬಯಲಲ್ಲಿ ನೆಟ್ಟ ನಾಲ್ಕು ಗಿಡದ ಕಥೆ ಕೇಳಿ. ಬಲೆ ಇಲ್ಲ, ಬಿಳಿ ನೊಣ ಎಲೆ ಕೆಳಗೆ ಕೂತಿದ್ದನ್ನು ನಾನೇ ನೋಡಿದ್ದೇನೆ. ಆದರೂ ಒಂದಕ್ಕೂ ಎಲೆ ಮುಟುರಲಿಲ್ಲ. ಅದೇ ಮಾಳಿಗೆಯ ಇನ್ನೊಂದು ಮೂಲೆಯಲ್ಲಿ ನರ್ಸರಿಯ ಎರಡು ಅಗಿ ಇದ್ದವು, ಏಪ್ರಿಲ್ ಹೊತ್ತಿಗೆ ಎರಡೂ ಮುದುಡಿ ಕುಳ್ಳಾದವು. ಹಾಗಾಗಿ ಬೀಜದ ಬಗ್ಗೆ ನನಗೆ ಧೈರ್ಯ ಇದೆ. ಆ ನಾಲ್ಕು ಗಿಡದ ಕಾಯಿಗಳಿಗೆ ಮಾತ್ರ ಪಶ್ಚಿಮದ ಬಿಸಿಲು ಬಿದ್ದ ಕಡೆ ಬಿಳಿ ಕಾಗದದ ಹಾಗೆ ಕಲೆ ಬಿದ್ದು ಸುಟ್ಟವು. ನೆರಳಿನ ಒಳಗಿದ್ದವಕ್ಕೆ ಒಂದಕ್ಕೂ ಹಾಗಾಗಲಿಲ್ಲ. ಬಲೆಗೆ ಕೊಟ್ಟ 1,400 ರೂಪಾಯಿ ನನಗೆ ದಂಡ ಅನ್ನಿಸಲಿಲ್ಲ.

ಮೇ ಮಧ್ಯಕ್ಕೆ ಗಿಡ ಕೀಳೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ. ಅರ್ಧಕ್ಕೆ ಕತ್ತರಿಸಿ, ಎರೆಗೊಬ್ಬರ ಹಾಕಿ, ಬದುಕಿದ್ದರೆ ಬದುಕಲಿ ಅಂತ ನೀರು ಕೊಡುತ್ತಾ ಇದ್ದೆ. ಜೂನ್‌ನಲ್ಲಿ ಮಳೆ ಬಿದ್ದು ರಾತ್ರಿ ತಣ್ಣಗಾದ ಒಂದು ವಾರಕ್ಕೆ ಹೊಸ ಚಿಗುರಲ್ಲಿ ಹೂವು. ಮೊಬೈಲ್ ಹಿಡಿದು ತಟ್ಟಿದೆ, ಮತ್ತೆ ಹಳದಿ ಪುಡಿ ಬಿತ್ತು! ಎಂಟರಲ್ಲಿ ಐದು ಗಿಡ ಮತ್ತೆ ಕಾಯಿ ಬಿಟ್ಟವು, ಜುಲೈ ಕೊನೆಗೆ ಮೂರು ಕಿಲೋ ಆಗಿತ್ತು. ಕಾಯಿ ಸಣ್ಣ, ಆದರೆ ಬಣ್ಣ ಗಿಡದಲ್ಲೇ ಪೂರ್ತಿ ಬಂತು.

ಹಾಗಾಗಿ ನನ್ನ ಅಂಕ: ಬೀಜಕ್ಕೆ ಐದಕ್ಕೆ ಐದು. ಚೌಕಟ್ಟಿಗೆ ಐದಕ್ಕೆ ಮೂರೂವರೆ, ಮೂಲೆಗಳು ಇನ್ನೂ ಗಟ್ಟಿ ಇರಬೇಕಿತ್ತು. ಹೊದಿಕೆಗೆ ಒಂದು, ಅದೂ ಮೊಳಕೆಯ ದಿನಗಳಿಗೆ. ಮಾರಿದವರ ಸೇವೆಗೆ ಸೊನ್ನೆ. ಬರೀ ಚೌಕಟ್ಟು ಬೇಕು ಅನ್ನುವವರು ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸಲ ಕೇಳಿ. ನಾನು ಆಮೇಲೆ ವಿಚಾರಿಸಿದೆ, ಇದೇ ಅಳತೆಗೆ ಇದಕ್ಕಿಂತ ದಪ್ಪ ಪೈಪಿನಲ್ಲಿ 5,000ದ ಆಸುಪಾಸಿಗೆ ಮಾಡಿಕೊಡುತ್ತೇವೆ ಅಂದರು. ಮೊದಲೇ ಕೇಳಿದ್ದರೆ ಅದನ್ನೇ ಮಾಡಿಸುತ್ತಿದ್ದೆ.

ಹಳೇ ಗಿಡ ಕಿತ್ತು ಚೀಲದ ಮಣ್ಣು ಬಿಸಿಲಿಗೆ ಹರಡಿದ್ದೇನೆ. ಉಳಿದ ಬೀಜ ಗಾಳಿ ಹೋಗದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ. ಡಬ್ಬಿ ಮೇಲೆ ಚೀಟಿ ಅಂಟಿಸಿದ್ದೇನೆ: ಸೆಪ್ಟೆಂಬರ್ 15, ಟ್ರೇ ತುಂಬೋದು.